ಆಸ್ಪತ್ರೆ ಬಾಗಿಲ ಮೇಲಿನವಳು

ನನ್ನ ಸವತಿಯನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದು ನನ್ನ ಗಂಡನ ಮೇಜಿನ ಮೇಲೆ ಸುರಿದರು. ಸುರಿದವನು ಸಾರುವೆ ಕಟ್ಟುವ ಮೇಸ್ತ್ರಿ. ಜೋಪಾನ, ಜೋಪಾನ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ದಬದಬ ಸುರಿದ. ಹಣೆ ಒಂದು ಚೂರು, ಕಣ್ಣು ಎರಡು ಚೂರು, ಕಿವಿಯ ಪಕ್ಕದ ಸುರುಳಿಗೂದಲು ಒಂದಿಷ್ಟು. ಮೂಗಿನಿಂದ ಕೆಳಗೆ ಬರೀ ಪುಡಿ. ಮೆರುಗಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ ನನಗೆ ಮೊದಲು ಬಂದದ್ದು ನಗು, ಸುಳ್ಳು ಯಾಕೆ ಹೇಳಲಿ. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅವತ್ತು ಶುರುವಾದ ತಳಮಳ, ಕೂತಲ್ಲಿ ಕೂರಲು ಬಿಡಲಿಲ್ಲ, ನಿಂತಲ್ಲಿ ನಿಲ್ಲಲು ಬಿಡಲಿಲ್ಲ.

ಬಿಡಿಸಿ ಹೇಳುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಮಾಡುವುದು ಕಟ್ಟಡಗಳ ಮೈಮೇಲೆ ಕೂರುವ ಸುಟ್ಟ ಮಣ್ಣಿನ ಸಾಮಾನು. ಸೂರಿನ ಪಟ್ಟಿ, ಕಂಬದ ತಲೆ, ಕಿಟಕಿಯ ಸುತ್ತ ಹಬ್ಬುವ ಬಳ್ಳಿ, ಬಾಗಿಲ ಕಮಾನಿನ ನೆತ್ತಿಯಲ್ಲಿ ಕೂರುವ ಮುಖ. ದೂರದಿಂದ ನೋಡಿದವರು ಕಲ್ಲು ಅಂದುಕೊಳ್ಳುತ್ತಾರೆ. ಒಳಗೆ ಪೊಳ್ಳು, ಗೋಡೆ ಎರಡು ಬೆರಳಿನಷ್ಟು ದಪ್ಪ. ನನ್ನ ಗಂಡ ಮೊದಲ ರೂಪವನ್ನು ಮಣ್ಣಿನಲ್ಲಿ ತಿದ್ದುತ್ತಾರೆ. ಅದರ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ಅಚ್ಚಿಗೆ ಹಸಿ ಮಣ್ಣು ಒತ್ತಿ, ಬಿಡಿಸಿ, ನಿಧಾನವಾಗಿ ಒಣಗಿಸಿ ನನ್ನ ಕೋಣೆಗೆ ಕಳಿಸುತ್ತಾರೆ. ನಾನು ಮೆರುಗು ಹಚ್ಚುತ್ತೇನೆ. ಉಳಿದದ್ದು ಭಟ್ಟಿಯ ಪಾಲು.

ಆ ಮುಖ ಊರಿನ ದೊಡ್ಡ ಆಸ್ಪತ್ರೆಯ ಬಾಗಿಲ ಮೇಲಿನದು. ಕಟ್ಟಿಸುವಾಗ ಅಲ್ಲಿನವರು ಶಾಂತವಾದ ಹೆಣ್ಣಿನ ಮುಖ ಬೇಕು, ನೋಡಿದ ರೋಗಿಗೆ ಅರ್ಧ ನೋವು ಇಳಿಯಬೇಕು ಅಂದರಂತೆ. ಇವರಿಗೆ ಆಗಷ್ಟೇ ಮದುವೆಯಾಗಿತ್ತು. ಹೆಂಡತಿಯ ಮುಖವನ್ನೇ ಮಾಡಿದರು, ಆದರೆ ಗಿರಾಕಿ ಕೇಳಿದ ಹಾಗೆ ಬಾಯಿಯನ್ನು ಪುಟ್ಟದು ಮಾಡಿ ಮುಚ್ಚಿದರು. ನನ್ನ ಬಾಯಿ ಮುಚ್ಚಿಸೋಕೆ ಇಷ್ಟು ಮಣ್ಣು ಬೇಕಾಯ್ತಾ ಎಂದು ಅವಳೇ ಕಾರ್ಖಾನೆ ತುಂಬ ಹೇಳಿಕೊಂಡು ನಕ್ಕಿದ್ದಳು. ಅವಳಿಗೆ ನಾವೆಲ್ಲ ಇಟ್ಟಿದ್ದ ಹೆಸರು ರೇಡಿಯೊ. ಮೆರುಗಿನ ಕೋಣೆ ಆಗ ಅವಳದು, ನಾನು ಅವಳ ಕೈಕೆಳಗೆ ಬಕೆಟ್ ಕಲಕುವವಳು. ವರ್ಷಗಟ್ಟಲೆ ಒಂದೇ ಮೇಜಿನ ಆಚೆ ಈಚೆ ಕೂತಿದ್ದೇವೆ, ಒಂದೇ ಡಬ್ಬಿಯಲ್ಲಿ ಉಂಡಿದ್ದೇವೆ. ಅವಳು ಜ್ವರ ಬಂದು ತೀರಿಹೋದಾಗ ಮಗಳಿಗೆ ಮೂರು ವರ್ಷ. ಮರುವರ್ಷ ಹಿರಿಯರು ಕೂತು ಮಾತಾಡಿ ನನ್ನನ್ನು ಈ ಮನೆಗೆ ತಂದರು. ಹೀಗೆ ಗೆಳತಿಯಾಗಿದ್ದವಳು ನನಗೆ ಸವತಿಯಾದಳು. ಬದುಕಿರುವ ಸವತಿಯಾದರೆ ಜಗಳವಾದರೂ ಆಡಬಹುದು.

ಮಗಳಿಗೆ ತಾಯಿ ಅಂದರೆ ಆ ಬಾಗಿಲ ಮೇಲಿನ ಮುಖವೇ. ಮನೆಯಲ್ಲಿರುವುದು ಮದುವೆಯ ಗುಂಪಿನ ಫೋಟೊ ಒಂದೇ. ಅದರಲ್ಲಿ ಅವಳ ಮುಖ ಹೆಬ್ಬೆರಳ ಉಗುರಿನಷ್ಟಿದೆ, ಸಾಲದ್ದಕ್ಕೆ ಅಲ್ಲಾಡಿಬಿಟ್ಟಿದ್ದಾಳೆ. ಚಿಕ್ಕಂದಿನಲ್ಲಿ ಹುಡುಗಿಗೆ ನಾನು ಗದರಿದರೆ ಸಾಕು, ನಮ್ಮಮ್ಮ ಇದ್ದಿದ್ದರೆ ಹೀಗೆ ಬೈತಿರಲಿಲ್ಲ ಎಂದು ಮೂಲೆ ಸೇರುತ್ತಿದ್ದಳು. ನಿಮ್ಮಮ್ಮನ ಬಾಯಿಯ ಮುಂದೆ ನನ್ನದು ಏನೇನೂ ಅಲ್ಲ ಎಂದು ನಾನು ಎಷ್ಟೋ ಸಲ ಹೇಳಿದೆ. ಚಿಕ್ಕಮ್ಮ ಹೊಟ್ಟೆಕಿಚ್ಚಿಗೆ ಹೇಳುತ್ತಾಳೆ ಎಂದು ಅವಳು ನಂಬಲೇ ಇಲ್ಲ. ಬೆಳೆದು ನರ್ಸ್ ಆದಳು, ಅದೇ ಆಸ್ಪತ್ರೆಗೆ ಸೇರಿದಳು. ದಿನಾ ಒಳಗೆ ಹೋಗುವ ಮೊದಲು ಒಂದು ಗಳಿಗೆ ತಲೆ ಎತ್ತಿ ನೋಡುತ್ತಾಳೆ. ಜಡೆ ಹೆಣೆದವಳು ನಾನು, ಜ್ವರಕ್ಕೆ ಪಕ್ಕದಲ್ಲಿ ಕೂತವಳು ನಾನು. ತಲೆ ಎತ್ತಿ ನೋಡುವುದು ಮಾತ್ರ ಅವಳನ್ನು. ನನಗೆ ಉರಿಯುತ್ತಿತ್ತು. ಮಣ್ಣಿನ ಗೊಂಬೆಯ ಜೊತೆ ಪೈಪೋಟಿಯೇ ಎಂದು ನನ್ನನ್ನೇ ಬೈದುಕೊಂಡರೂ ಉರಿ ಆರುತ್ತಿರಲಿಲ್ಲ.

ಮುಖ ಒಡೆದದ್ದು ಹೊಡೆತಕ್ಕಲ್ಲ. ಸಂದಿಯಲ್ಲಿ ನೀರು ಇಳಿದು, ಅದನ್ನು ಗೋಡೆಗೆ ಹಿಡಿದಿದ್ದ ಕಬ್ಬಿಣದ ಕೊಕ್ಕೆ ತುಕ್ಕು ಹಿಡಿದು ಊದಿಕೊಂಡು ಒಳಗಿನಿಂದಲೇ ಸೀಳಿಹಾಕಿತ್ತು. ಕೆಳಗಿಳಿಸಿದ ದಿನ ಮಗಳು ಮನೆಗೆ ಬಂದವಳು ತಟ್ಟೆ ಮುಟ್ಟಲಿಲ್ಲ. ಅಪ್ಪನ ಮುಂದೆ ನಿಂತು, "ಅಪ್ಪ, ಹಾಗೇ ಮಾಡ್ಬೇಕು. ಒಂಚೂರೂ ಬದಲಾಗ್ಬಾರ್ದು," ಅಂದಳು. ಹೇಳಿದ್ದು ಅಪ್ಪನಿಗೆ, ಕಣ್ಣು ನನ್ನ ಮೇಲಿತ್ತು. ಮೆರುಗು ಹಚ್ಚುವವಳು ನಾನಲ್ಲವೇ. ಅದರ ಹಿಂದೆಯೇ ಇನ್ನೊಂದು ಮಾತು ಬಂತು. ನರ್ಸುಗಳ ಹಾಸ್ಟೆಲಿನಲ್ಲಿ ಕೋಣೆ ಖಾಲಿ ಇದೆಯಂತೆ, ಹೋದರೆ ಹೇಗೆ ಎಂದು ಯೋಚಿಸುತ್ತಿದ್ದಾಳಂತೆ. ನಾನು ಏನೂ ಕೇಳಿಸದವಳ ಹಾಗೆ ಪಾತ್ರೆ ಎತ್ತಿಟ್ಟೆ.

ಇರುವ ಚೂರುಗಳನ್ನೇ ಜೋಡಿಸಿ ಅಚ್ಚು ತೆಗೆದರಾಯಿತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಆಗುವುದಿಲ್ಲ. ಮಣ್ಣು ಒಣಗುವಾಗ ಒಂದಿಷ್ಟು ಕುಗ್ಗುತ್ತದೆ, ಬೇಯುವಾಗ ಇನ್ನೊಂದಿಷ್ಟು. ಒಮ್ಮೆ ಕುಗ್ಗಿದ್ದರ ಅಚ್ಚು ತೆಗೆದು ಮತ್ತೆ ಸುಟ್ಟರೆ ಅದು ಇನ್ನಷ್ಟು ಕುಗ್ಗಿ, ಕಮಾನಿನ ಬಾಯಿಯಲ್ಲಿ ಅಲ್ಲಾಡುವ ಹಲ್ಲಿನ ಹಾಗೆ ಕೂರುತ್ತದೆ. ಅದಕ್ಕೇ ನಮ್ಮ ಅಳತೆಪಟ್ಟಿಯ ಒಂದಡಿ ನಿಜದಲ್ಲಿ ಹದಿಮೂರು ಅಂಗುಲ, ಕುಗ್ಗುವ ಪಾಲನ್ನು ಮೊದಲೇ ಸೇರಿಸಿರುತ್ತೇವೆ. ಹೊಸಬನೊಬ್ಬ ಅದೇ ಪಟ್ಟಿಯಲ್ಲಿ ಅಳೆದು ಮನೆಗೆ ಕಪಾಟು ಮಾಡಿಸಿದ, ಅದು ಬಾಗಿಲಲ್ಲಿ ನುಗ್ಗದೆ ಅಂಗಳದಲ್ಲೇ ನಿಂತಿತ್ತು. ಹಳೆಯ ಅಚ್ಚು ಎಂದೋ ಸವೆದು ಬಿಸಾಡಿಯಾಗಿತ್ತು. ಅಂದರೆ ಇವರು ಆ ಮುಖವನ್ನು ಮೊದಲಿನಿಂದ, ಇದ್ದದ್ದಕ್ಕಿಂತ ದೊಡ್ಡದಾಗಿ, ಕೈಯಲ್ಲೇ ತಿದ್ದಬೇಕು. ಹಣೆಗೂ ಕಣ್ಣಿಗೂ ಚೂರುಗಳ ಅಳತೆ ಇತ್ತು. ಮೂಗು, ಬಾಯಿ, ಗದ್ದಕ್ಕೆ ನೆನಪೇ ಗತಿ.

ನನ್ನ ಗಂಡ ಮೊದಲ ಹೆಂಡತಿಯ ಕೆನ್ನೆ ಸವರುವುದನ್ನು ನಾನು ಗಾಜಿನ ಕಿಟಕಿಯಿಂದ ನೋಡಬೇಕು. ನನ್ನ ಕೈ ಸುಮ್ಮನಿರಲಿಲ್ಲ. ಬೇಡದ ಬಕೆಟ್ ಕಲಕಿದೆ, ತೊಳೆದ ಜರಡಿಯನ್ನೇ ಮತ್ತೆ ತೊಳೆದೆ. ಇವರು ಮೂಗಿನಿಂದ ಕೆಳಗೆ ತಿದ್ದಿದ್ದನ್ನು ಮಾರನೆಯ ದಿನ ಕೆರೆದು ತೆಗೆದರು. ಮತ್ತೆ ತಿದ್ದಿದರು, ಮತ್ತೆ ಕೆರೆದರು. ಮೂರನೆಯ ಸಲ ಕೆರೆಯುವ ತಂತಿಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬಹಳ ಹೊತ್ತು ಉಗುಳು ನುಂಗಿದರು. ಇವರು ಮಾತಾಡುವ ಮೊದಲು ಯಾವಾಗಲೂ ಹಾಗೇ.

"ನನಗೆ ಅವಳ ಮುಖ ನೆನಪಿಲ್ಲ ಕಣೇ," ಅಂದರು. "ಕಣ್ಣು ಮುಚ್ಚಿದ್ರೆ ನಾನು ಮಾಡಿದ ಗೊಂಬೆನೇ ಬರುತ್ತೆ. ಅದೂ ಈಗ ಅರ್ಧ."

ಇಷ್ಟು ವರ್ಷ ಈ ಮನುಷ್ಯ ಸುಮ್ಮನೆ ಕೂತಾಗಲೆಲ್ಲ ಅವಳನ್ನೇ ನೆನೆಯುತ್ತಿದ್ದಾನೆ ಎಂದುಕೊಂಡು ನಾನು ಒಳಗೊಳಗೇ ಬೆಂದಿದ್ದೆ. ನೋಡಿದರೆ ಆ ತಲೆಯೊಳಗೆ ಯಾರೂ ಇರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಮೈ ಉರಿದುಹೋಯಿತು. ಅಯ್ಯೋ ನನ್ನ ರೇಡಿಯೊ, ಇಷ್ಟು ಬಡಕೊಂಡರೂ ಇವನ ಕಿವಿಯಲ್ಲಿ ಒಂದು ಮಾತೂ ಉಳಿಯಲಿಲ್ಲವಲ್ಲೇ ಎಂದು ಅವಳ ಪರವಾಗಿ ಸಿಟ್ಟು ಬಂತು. ಮಣ್ಣಿನ ಮುಖವನ್ನು ಸರಿಯಾಗಿ ನೋಡಿದೆ. ಆಗ ಕಂಡಿತು.

"ಮೊದ್ಲು ಆ ಮೂಗು ತೆಗೀರಿ," ಅಂದೆ.

"ಯಾಕೆ, ಚೆನ್ನಾಗೇ ಬಂದಿದೆಯಲ್ಲ."

"ಅದು ನಂದು."

ಇವರು ಮಣ್ಣನ್ನು ನೋಡಿದರು, ನನ್ನನ್ನು ನೋಡಿದರು. ಕಿವಿ ಕೆಂಪಾಯಿತು. ತಂತಿ ಎತ್ತಿಕೊಂಡು ನನ್ನ ಮೂಗನ್ನು ಕೆರೆದು ಬಕೆಟ್ಟಿಗೆ ಹಾಕಿದರು.

ಆಮೇಲೆ ನಾನು ಅಲ್ಲಿಂದ ಕದಲಲಿಲ್ಲ. ಅವಳ ಮುಖ ನನ್ನಷ್ಟು ನೋಡಿದವರು ಯಾರಿದ್ದಾರೆ. ಮೂಗಿನ ತುದಿ ಸ್ವಲ್ಪ ಮೊಂಡು. ಗದ್ದ ಮುಂದಕ್ಕೆ, ಜಗಳಕ್ಕೆ ಬಂದವಳ ಹಾಗೆ. ಬಾಯಿ ಅಗಲ, ಇನ್ನೂ ಅಗಲ. ಮೇಲ್ತುಟಿ ಹಲ್ಲಿಗೆ ಸಾಲುತ್ತಿರಲಿಲ್ಲ, ಬಾಯಿ ಮುಚ್ಚಿದರೂ ಅರ್ಧ ತೆರೆದೇ ಇರುತ್ತಿತ್ತು. ಇನ್ನೇನು ನಗುತ್ತಾಳೆ, ಇಲ್ಲ ಬೈಯುತ್ತಾಳೆ, ಯಾವುದೆಂದು ಅವಳು ಬಾಯಿ ಬಿಡುವ ತನಕ ಗೊತ್ತಾಗುತ್ತಿರಲಿಲ್ಲ. ಇವರು ಕೈ ನಿಲ್ಲಿಸಿ, ಮಗಳು ಹಾಗೇ ಇರಬೇಕು ಅಂದಿದ್ದಾಳಲ್ಲ ಎಂದು ನೆನಪಿಸಿದರು.

"ಹಾಗೇ ಅಂದ್ರೆ ಯಾವ ಹಾಗೆ?" ಅಂದೆ. "ನೀವು ಮಾಡಿದ ಹಾಗಾ, ಅವಳಿದ್ದ ಹಾಗಾ?"

ಇವರ ಹೆಬ್ಬೆರಳು ತುಟಿಯ ಮೂಲೆಯನ್ನು ಮೇಲಕ್ಕೆ ತಳ್ಳಿತು. ತಳ್ಳಿದ್ದೇ ತಡ, ಅವಳು ಬಂದುಬಿಟ್ಟಳು. ನನಗಿಂತ ದೊಡ್ಡ ಮುಖ ಹೊತ್ತುಕೊಂಡು, ಏನೇ, ಬಕೆಟ್ ಕಲಕಿದ್ಯಾ ಎಂದು ಕೇಳುವ ಹಾಗೆ ಬಂದಳು. ಇವರು ಕೈ ಹಿಂದಕ್ಕೆ ತೆಗೆದರು. ಸದ್ಯ, ಬಂದಳು ಎಂದು ಪಿಸುಗುಟ್ಟಿದರು. ನಾನು ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಅತ್ತೆ.

ಅತ್ತು ಮುಗಿದ ಮೇಲೆ ಹೆದರಿಕೆ ಶುರುವಾಯಿತು. ಇದನ್ನು ಗೆಳತಿಗಾಗಿ ಮಾಡಿದೆನೋ, ಸವತಿಯ ಮೇಲಿನ ಸೇಡಿಗೆ ಮಾಡಿದೆನೋ, ನನಗೇ ತಿಳಿಯಲಿಲ್ಲ. ಇಷ್ಟು ವರ್ಷ ಯಾರಿಗೂ ಒಂದು ಮಾತನ್ನೂ ಅನ್ನದ ತಾಯಿ ಆ ಹುಡುಗಿಯನ್ನು ಮೇಲಿಂದ ನೋಡುತ್ತಿದ್ದಳು. ಈಗ ಆ ತಾಯಿಯನ್ನು ಕಿತ್ತು, ಬಾಯಿ ತೆರೆದ ಗಯ್ಯಾಳಿಯನ್ನು ಕೂರಿಸಲು ಹೊರಟಿದ್ದೇನೆ. ಮಗಳು ನನ್ನನ್ನು ಕ್ಷಮಿಸುತ್ತಾಳೆಯೇ. ಈ ಮುಖ ಮೇಲೇರಿದ ದಿನವೇ ಪೆಟ್ಟಿಗೆ ಹಿಡಿದು ಹಾಸ್ಟೆಲಿಗೆ ಹೋಗುತ್ತಾಳೆ, ಮತ್ತೆ ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವರು ಯಾರೂ ಇಲ್ಲ. ಇರುವವಳು ಇವಳೊಬ್ಬಳು.

ಮಗಳು ದಿನಾ ಬಂದು ಆಯಿತೇ ಎಂದು ಕೇಳುತ್ತಿದ್ದಳು. ನೋಡಲು ಬರುತ್ತೇನೆ ಅಂದರೆ ಇವರು ಬೇಡ ಅಂದರು. ಅದು ಎತ್ತರದಲ್ಲಿ ಕೂತು ಕೆಳಗಿನಿಂದ ನೋಡುವವರಿಗೆ ಮಾಡಿದ್ದು, ಗದ್ದ ಮುಂದೆ ಚಾಚಿ ಕಣ್ಣು ಆಳವಾಗಿ ಕೊರೆದಿರುತ್ತೇವೆ, ಹತ್ತಿರದಿಂದ ನೋಡಿದರೆ ಯಾರ ತಾಯಿಯೂ ಚೆನ್ನಾಗಿ ಕಾಣುವುದಿಲ್ಲ ಅಂದರು. ಹೇಳಿದ್ದು ನಿಜವೇ. ಆದರೂ ನಾನು ಮಗಳ ಕಣ್ಣು ತಪ್ಪಿಸಿ ಒಳಗೆ ಹೋದೆ.

ಅಚ್ಚು ತೆಗೆದರು, ಮಣ್ಣು ಒತ್ತಿದರು. ಅಚ್ಚಿನಿಂದ ಬಿಡಿಸಿದ ಮುಖವನ್ನು ಒದ್ದೆ ಬಟ್ಟೆ ಮುಚ್ಚಿ ಒಣಗುವ ಕೋಣೆಯಲ್ಲಿ ಇಟ್ಟರು. ಮೊದಮೊದಲು ಮಣ್ಣು ಇನ್ನೂ ಮೆತ್ತಗಿರುತ್ತದೆ, ನೀರು ಮುಟ್ಟಿಸಿ ತಿದ್ದಬಹುದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒದ್ದೆ ಸ್ಪಂಜು ಹಿಡಿದು ಅದರ ಮುಂದೆ ಹೋಗಿ ನಿಂತೆ. ತುಟಿಯನ್ನು ಎರಡು ಬೆರಳಿನಲ್ಲಿ ಒತ್ತಿದರೆ ಮುಗಿಯಿತು, ಬಾಯಿ ಮುಚ್ಚಿದ ಹಳೆಯ ಶಾಂತಮ್ಮ ವಾಪಸು. ಮಗಳು ಮನೆಯಲ್ಲಿ ಉಳಿಯುತ್ತಾಳೆ. ಬಟ್ಟೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಮುಟ್ಟಿದರೆ ನೋಡು ಅನ್ನುವ ಹಾಗಿತ್ತು ಆ ಮುಖ. ಬಟ್ಟೆ ಮುಚ್ಚಿ ಬಂದೆ. ಊಟದ ಡಬ್ಬಿ ಹಾಗೇ ಮನೆಗೆ ಹೋಯಿತು.

ಚೆನ್ನಾಗಿ ಒಣಗಿದ ಮೇಲೆ ನನ್ನ ಕೋಣೆಗೆ ಬಂದಳು. ಮೆರುಗು ನೋಡಲು ಹಾಲಿನ ಕೆನೆಯ ಹಾಗೆ. ಎಲ್ಲಿ ಹಚ್ಚಿದ್ದೇವೆ, ಎಲ್ಲಿ ಬಿಟ್ಟಿದ್ದೇವೆ ತಿಳಿಯಲೆಂದು ಗುಲಾಬಿ ಬಣ್ಣ ಬೆರೆಸಿರುತ್ತೇವೆ, ಅದು ಬೆಂಕಿಯಲ್ಲಿ ಸುಟ್ಟುಹೋಗುತ್ತದೆ. ಗಾಳಿಯ ಗನ್ನಿನಲ್ಲಿ ತೆಳ್ಳಗೆ, ಪದರದ ಮೇಲೆ ಪದರ ಊದಬೇಕು. ದಪ್ಪವಾದರೆ ಬಿಸಿಗೆ ಕರಗಿ ಇಳಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಕಣ್ಣಿನ ರೆಪ್ಪೆ ಹೋಗುತ್ತದೆ, ತುಟಿಯ ಸಂದಿ ಮುಚ್ಚಿಹೋಗುತ್ತದೆ. ಎರಡು ಪದರ ಜಾಸ್ತಿ ಊದಿದರೆ ಸಾಕಿತ್ತು, ತಪ್ಪನ್ನು ಭಟ್ಟಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಗನ್ನಿನ ಕುದುರೆಯ ಮೇಲೆ ಬೆರಳು ಇಟ್ಟುಕೊಂಡು ನನ್ನಷ್ಟಕ್ಕೆ ನಾನೇ ಬೈದುಕೊಂಡೆ. ಈ ಕೆಲಸ ನನಗೆ ಕಲಿಸಿದವಳೇ ಅವಳು. ದಪ್ಪ ಹಚ್ಚಿದರೆ ತಲೆಗೆ ಮೊಟಕುತ್ತಿದ್ದಳು. ಬಾಯಿಯ ಸಂದಿಗೆ ತೆಳ್ಳನೆಯ ಕುಂಚದಲ್ಲಿ, ಉಸಿರು ಹಿಡಿದು ಬೇರೆಯಾಗಿಯೇ ಹಚ್ಚಿದೆ. ಆ ಬಾಯಿ ತೆರೆದೇ ಉಳಿಯಿತು.

ಭಟ್ಟಿಗೆ ಇಟ್ಟು ಬಾಗಿಲಿಗೆ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತಿದರು. ಇನ್ನು ತಿದ್ದುವ ದಾರಿ ಇಲ್ಲ. ಉರಿಸಲು ಎಷ್ಟು ಹೊತ್ತು ಬೇಕೋ ಆರಿಸಲು ಅದಕ್ಕಿಂತ ಜಾಸ್ತಿ. ಅವಸರದಲ್ಲಿ ತೆರೆದು ತಣ್ಣನೆಯ ಗಾಳಿ ತಾಕಿದರೆ ಟಣ್ ಎಂದು ಸೀಳುತ್ತದೆ. ನಾನು ಗಳಿಗೆಗೊಮ್ಮೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡಿ ಬರುತ್ತಿದ್ದೆ. ಭಟ್ಟಿ ಕಾಯುವ ಮುದುಕನಿಗೆ ಸಾಕುಸಾಕಾಯಿತು. ಹೆರಿಗೆ ವಾರ್ಡಿನ ಮುಂದೆ ಗಂಡಸರು ತಿರುಗುವ ಹಾಗೆ ತಿರುಗ್ತಿದೀಯ, ಮಗು ಅದರಷ್ಟಕ್ಕೆ ಅದು ಬರುತ್ತೆ, ಹೋಗಿ ಕೆಲಸ ನೋಡು ಎಂದು ಗದರಿದ. ಸೀಳಿಹೋಗಲಿ ಎಂದು ಒಮ್ಮೆ ಅನಿಸಿತು. ಸೀಳಬಾರದು ಎಂದು ಮರುಗಳಿಗೆ ಅನಿಸಿತು.

ಸೀಳಲಿಲ್ಲ. ಬೆಣ್ಣೆಯ ಬಣ್ಣದಲ್ಲಿ, ಹೊಳೆಯುತ್ತ, ಅಳತೆಗೆ ಸರಿಯಾಗಿ ಕುಗ್ಗಿ ಹೊರಗೆ ಬಂದಳು. ಈ ಸಲ ತುಕ್ಕು ಹಿಡಿಯದ ಉಕ್ಕಿನ ಕೊಕ್ಕೆ ಹಾಕಿ, ಸಂದಿಗೆ ಸುಣ್ಣದ ಗಾರೆ ತುಂಬಿ ಕೂರಿಸಿದರು. ಆಸ್ಪತ್ರೆಯ ಕಡೆಯ ಇಂಜಿನಿಯರು ಸಾರುವೆ ಹತ್ತಿ, ಗೆಣ್ಣಿನಿಂದ ತಟ್ಟಿ ನಾದ ಕೇಳಿ, ಪಟ್ಟಿ ಹಿಡಿದು ಅಳೆದು, ಪಕ್ಕದ ಹಳೆಯ ತುಂಡಿನ ಬಣ್ಣಕ್ಕೆ ಹೋಲಿಸಿ, ಎಲ್ಲ ಸರಿ ಎಂದು ಇಳಿದುಹೋದರು. ಬಾಯಿ ಬದಲಾದದ್ದು ಅವರ ಗಮನಕ್ಕೇ ಬರಲಿಲ್ಲ.

ಸಾರುವೆಯ ಪರದೆ ಬಿಚ್ಚುವ ಹೊತ್ತಿಗೆ ಮಗಳು ಮಧ್ಯಾಹ್ನದ ಪಾಳಿಗೆ ಬಂದಳು. ಬಿಳಿ ಉಡುಪು, ಕೈಯಲ್ಲಿ ಚೀಲ. ಇವರು ಒಂದು ಪಕ್ಕ, ನಾನು ಒಂದು ಪಕ್ಕ. ಅವಳು ತಲೆ ಎತ್ತಿದಳು. ನಾನು ಮೇಲೆ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ನಗುತ್ತಿದ್ದ ಮುಖ ನಿಧಾನವಾಗಿ ಬಿಗಿಯಿತು.

"ಇದ್ಯಾರು?" ಅಂದಳು.

"ನಿಮ್ಮಮ್ಮ," ಅಂದೆ.

"ಅಲ್ಲ." ಅಪ್ಪನ ಕಡೆ ತಿರುಗಿದಳು. "ಅಪ್ಪ, ಹಾಗೇ ಮಾಡು ಅಂದಿದ್ದೆ."

ಇವರು ಉಗುಳು ನುಂಗಿದರು. ಈ ಸಲವೂ ನುಂಗಿ ಸುಮ್ಮನಾಗುತ್ತಾರೆ, ನನ್ನನ್ನು ಒಬ್ಬಳನ್ನೇ ನೀರಿಗೆ ತಳ್ಳುತ್ತಾರೆ ಅಂದುಕೊಂಡೆ. "ಮೊದ್ಲಿದ್ದಿದ್ದು ನಾನು ಮಾಡಿದ್ದು ಮಗಳೇ," ಅಂದರು. "ಇದು ಅವಳು."

ಅವಳು ನನ್ನ ಕಡೆ ನೋಡಿದ ನೋಟ ಯಾವ ವೈರಿಗೂ ಬೇಡ. ಚೀಲ ಹೆಗಲಿಗೇರಿಸಿ ಒಳಗೆ ಹೋದಳು. ಇವರು ಲಾರಿಯ ಜೊತೆ ಕಾರ್ಖಾನೆಗೆ ಹೊರಟರು, ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಒಂದು ಸಿಮೆಂಟಿನ ಬೆಂಚಿದೆ. ಕೂತೆ, ಎದ್ದೆ, ಗೇಟಿನ ತನಕ ಹೋಗಿ ಬಂದೆ, ಮತ್ತೆ ಕೂತೆ. ಹೇಳಬೇಕಾದ್ದನ್ನು ಹತ್ತು ಥರ ಜೋಡಿಸಿದೆ. ತಪ್ಪಾಯಿತು ಅನ್ನಲೇ, ನಿನ್ನ ಒಳ್ಳೆಯದಕ್ಕೇ ಅನ್ನಲೇ, ಹೋಗುವುದಾದರೆ ಹೋಗು ಎಂದು ಜೋರು ಮಾಡಲೇ. ಯಾವುದೂ ನಾಲಿಗೆಗೆ ಹಿಡಿಸಲಿಲ್ಲ. ಕೈಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಒಳಗೆ ಹೋಗುತ್ತ ಸುಮ್ಮನೆ ತಲೆ ಎತ್ತಿದ, ತನಗೇ ಗೊತ್ತಿಲ್ಲದೆ ಹಲ್ಲು ಕಿರಿದ. ಇವನಿಗಾದರೂ ಹಿಡಿಸಿತಲ್ಲ ಅಂದುಕೊಂಡೆ.

ಪಾಳಿ ಮುಗಿದು ಅವಳು ಬಂದಾಗ ಅಂಗಳದ ದೀಪ ಹತ್ತಿಸಿದ್ದರು. ನಾನು ಇನ್ನೂ ಅಲ್ಲೇ ಇರುವುದನ್ನು ಕಂಡು ನಿಂತಳು. ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಇಬ್ಬರ ನಡುವೆ ಅವಳ ಚೀಲ. ಇಡೀ ಪಾಳಿ ನನ್ನ ಮೇಲೆ ಕುದಿಯುತ್ತಿದ್ದಳಂತೆ. ಸಂಜೆಯೊಳಗೆ ಹಾಸ್ಟೆಲಿನ ಕೋಣೆಯ ಬೀಗದಕೈ ಕೇಳಿ ಇಸಿದುಕೊಳ್ಳಬೇಕು ಎಂದು ಹೊರಟು ಅರ್ಧ ದಾರಿಯಿಂದ ವಾಪಸು ಬಂದಳಂತೆ. ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಅವಳು ನನ್ನೂ ಬೈತಿದ್ಳಾ?" ಅಂದಳು.

ಇಷ್ಟು ವರ್ಷಕ್ಕೆ ಮೊದಲ ಸಲ ನನ್ನನ್ನು ತಾಯಿಯ ವಿಷಯ ಕೇಳಿದ್ದಳು. ನಾನು ಜೋಡಿಸಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಬೈಯದೆ ಇರುತ್ತಿದ್ದಳೇ ಅಂದೆ. ನಿನಗೆ ಎರಡು ವರ್ಷ ತುಂಬಿತ್ತು, ಕಾರ್ಖಾನೆಗೆ ಎತ್ತಿಕೊಂಡು ಬರುತ್ತಿದ್ದಳು, ನೀನು ಮೆರುಗಿನ ಬಕೆಟ್ಟಿಗೆ ಮೊಣಕೈ ತನಕ ಕೈ ಹಾಕಿ ಮುಖಕ್ಕೆಲ್ಲ ಬಳಿದುಕೊಂಡು ಕೂತಿದ್ದೆ. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. ಏನಂತ ಬೈದಳು ಎಂದು ಮಗಳು ಕೇಳಿದಳು. ಅದು ನನ್ನ ಕಿವಿಯಲ್ಲಿ ಹಾಗೇ ಇತ್ತು, ಒಂದಕ್ಷರ ಕೂಡ ಹೋಗಿರಲಿಲ್ಲ. ಎದ್ದು ನಿಂತೆ, ಸೊಂಟಕ್ಕೆ ಕೈಯಿಟ್ಟೆ, ಅವಳ ದನಿಯಲ್ಲೇ, ಅವಳಷ್ಟೇ ಜೋರಾಗಿ ಅಂದೆ.

"ಎಲೇ ಕೋತಿ, ನಿನ್ನೂ ಭಟ್ಟಿಗೆ ಹಾಕಿ ಬೇಯಿಸ್ಬಿಡ್ತೀನಿ. ಹೊಳೀತಾ ಈಚೆ ಬರ್ತೀಯ, ಎತ್ಕೊಂಡೋಗಿ ಯಾವ್ದಾದ್ರೂ ಗೋಡೆಗೆ ಅಂಟಿಸ್ತೀನಿ. ಬಾ ಇಲ್ಲಿ ನನ್ನ ಬಂಗಾರ."

ಗೇಟಿನ ಕಾವಲುಗಾರ ಗಾಬರಿಯಾಗಿ ಈ ಕಡೆ ನೋಡಿದ. ಮಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಕಣ್ಣಿನಿಂದ ನೀರು ಇಳಿದು ಗದ್ದದ ತನಕ ಬಂದಿತ್ತು, ಒರೆಸಿಕೊಳ್ಳುವುದೂ ಅವಳಿಗೆ ಹೊಳೆದಿರಲಿಲ್ಲ. ನಡುವೆ ಇದ್ದ ಚೀಲ ಎತ್ತಿ ಆಚೆಗಿಟ್ಟಳು.

"ಇನ್ನೊಂದ್ಸಲ ಬೈ, ಚಿಕ್ಕಮ್ಮ," ಅಂದಳು.

ಬೈದೆ. ಮುಗಿದ ಮೇಲೆ ಇನ್ನೊಂದು ಸಲ ಅಂದಳು, ಇನ್ನೊಂದು ಸಲವೂ ಬೈದೆ.